ತಡವಾಗಿ ಬರುವ ಬಸ್ಸು

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ಮೈಸೂರಿನಲ್ಲಿ ನಡೆದ ವಿಚಾರ ಸಂಕಿರಣಕ್ಕೆ ನನ್ನನ್ನು ಕರೆದಿದ್ದರು. ಚರ್ಚುಗಳಲ್ಲಿ ಹದಿಹರೆಯದ ಮಕ್ಕಳ ನಡುವೆ ಮಾಡುವ ಸೇವೆ ಫಲ ಕೊಡಬೇಕಾದರೆ ಏನು ಮಾಡಬೇಕು ಎಂಬುದು ವಿಷಯ. ನನಗಿಂತ ಮುಂಚೆ ಮಾತಾಡಿದವರು ಗೋಡೆಯ ಮೇಲೆ ಬೆಳಕು ಬಿಟ್ಟು ವೃತ್ತ, ತ್ರಿಕೋನ, ಅದರಿಂದ ಇದಕ್ಕೆ ಇದರಿಂದ ಅದಕ್ಕೆ ಹೋಗುವ ಬಾಣಗಳನ್ನೆಲ್ಲ ತೋರಿಸಿದರು. ಚೆನ್ನಾಗಿಯೇ ಇತ್ತು. ನನ್ನ ಹತ್ತಿರ ಒಂದು ತ್ರಿಕೋನವೂ ಇರಲಿಲ್ಲ. ಮೈಕಿನ ಮುಂದೆ ನಿಂತು, "ಬಸ್ಸು ಲೇಟಾಗಿ ಬರಬೇಕು" ಅಂದೆ. ಎಲ್ಲರೂ ನಕ್ಕರು. ತಮಾಷೆಗೆ ಅಂದೆ ಎಂದುಕೊಂಡರೇನೋ. ನಾನು ತಮಾಷೆ ಮಾಡಿರಲಿಲ್ಲ, ಆದರೆ ಬಿಡಿಸಿ ಹೇಳುವುದಕ್ಕೆ ಅವರು ಕೊಟ್ಟ ಹತ್ತು ನಿಮಿಷ ಯಾತಕ್ಕೂ ಸಾಲುತ್ತಿರಲಿಲ್ಲ. ಈಗ ಪುರುಸೊತ್ತಾಗಿದೆ, ಹೇಳುತ್ತೇನೆ.

ನಾನು ನಂಜನಗೂಡಿನವಳು. ತೊಂಬತ್ತರ ದಶಕದ ನಡುವಿನ ಮಾತು. ಓದು ಮುಗಿಸಿ, ಮದುವೆ ಇನ್ನೂ ಗೊತ್ತಾಗದೆ, ಪೇಟೆಯಲ್ಲಿದ್ದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹುಡುಗ ಹುಡುಗಿಯರಿಗೆ ಬೆರಳು ಕೂರಿಸುವುದನ್ನು ಹೇಳಿಕೊಡುತ್ತಿದ್ದೆ. ನಮ್ಮ ಸಭೆಗೆ ಒಬ್ಬರೇ ಅಯ್ಯನೋರು. ಪಾದ್ರಿಗಳನ್ನು ನಾವು ಹಾಗೆ ಕರೆಯುವುದು. ಅವರು ಭಾನುವಾರ ಬೆಳಿಗ್ಗೆ ನಂಜನಗೂಡಿನಲ್ಲಿ ಆರಾಧನೆ ಮುಗಿಸಿ, ಊಟ ಮಾಡಿ, ಮಧ್ಯಾಹ್ನ ಟಿ. ನರಸೀಪುರಕ್ಕೆ ಹೋಗಿ ಅಲ್ಲಿ ಇನ್ನೊಂದು ಆರಾಧನೆ ನಡೆಸುತ್ತಿದ್ದರು. ಬೋಧನೆಗೆ ಅದೇ ಪ್ರಸಂಗ, ಅದೇ ಕೆಮ್ಮು. ನರಸೀಪುರದ ಸಭೆ ಸಣ್ಣದು. ಅಲ್ಲಿ ಎಂಟೋ ಹತ್ತೋ ಮಂದಿ ಹೈಸ್ಕೂಲು ಮಕ್ಕಳಿದ್ದರು, ಅವರನ್ನು ಕೂರಿಸಿಕೊಂಡು ಯೌವನಸ್ಥರ ಕೂಟ ನಡೆಸುವವರು ಯಾರೂ ಇರಲಿಲ್ಲ.

ಒಂದು ದಿನ ಅಯ್ಯನೋರು ಇನ್‌ಸ್ಟಿಟ್ಯೂಟಿಗೇ ಬಂದುಬಿಟ್ಟರು.

"ಇಷ್ಟು ಹುಡುಗ್ರು ನಿನ್ನ ಮಾತು ಕೇಳ್ಕೊಂಡು ಕೂತವೆ, ನರಸೀಪುರದ ಹುಡುಗ್ರುನ್ನೂ ಒಸಿ ನೋಡ್ಕೊಳವ್ವ" ಅಂದರು.

"ಅಯ್ಯನೋರೇ, ಇವು ನನ್ನ ಮಾತು ಕೇಳ್ತಿಲ್ಲ. ಟೈಪಿಂಗ್ ಮಿಷನ್ ಶಬ್ದದಲ್ಲಿ ನನ್ನ ಮಾತೇ ಕೇಳಿಸಲ್ಲ, ಅದಕ್ಕೆ ಸುಮ್ನೆ ಕೂತವೆ."

"ಅದೇ ಸಾಕು. ಶನಿವಾರ ಮಧ್ಯಾಹ್ನ ಹೋಗು."

ಹೀಗೆ ನಾನು ಸೇವೆಗೆ ಇಳಿದೆ. ಶನಿವಾರವಲ್ಲದೆ, ಭಾನುವಾರ ಮಧ್ಯಾಹ್ನ ಅಯ್ಯನೋರ ಜೊತೆ ನರಸೀಪುರದ ಆರಾಧನೆಗೂ ಹೋಗತೊಡಗಿದೆ. ಕರೆ ಬಂತು, ದರ್ಶನವಾಯಿತು ಎಂದೆಲ್ಲ ಸಾಕ್ಷಿ ಹೇಳುವವರನ್ನು ಕಂಡರೆ ನನಗೆ ಈಗಲೂ ಸ್ವಲ್ಪ ಹೊಟ್ಟೆಕಿಚ್ಚು.

ಮೊದಲ ಕೆಲವು ತಿಂಗಳು ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ರಾತ್ರಿಯೆಲ್ಲ ಕೂತು ಮೂರು ಭಾಗದ ಪ್ರಸಂಗ ತಯಾರಿಸಿಕೊಂಡು ಹೋಗುತ್ತಿದ್ದೆ. ಮೊದಲನೆಯ ಭಾಗಕ್ಕೇ ಹುಡುಗರ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಭಕ್ತಿಯಿಂದಲ್ಲ, ಅಲ್ಲಿ ಗಡಿಯಾರವಿತ್ತು. ಒಂದು ಸಲ ಬಟ್ಟೆಯ ಹಲಗೆಗೆ ಚಿತ್ರ ಅಂಟಿಸಿ ದೊಡ್ಡ ಮೀನು ನುಂಗಿದ ಯೋನನ ಕಥೆ ಹೇಳಲು ಹೋದೆ. ಅರ್ಧ ಕಥೆಯಲ್ಲಿ ಮೀನು ಕಳಚಿ ಕೆಳಗೆ ಬಿತ್ತು, ಯೋನ ಒಬ್ಬನೇ ಮೇಲೆ ಉಳಿದ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಂದು ಸಲ ಒಂದು ಡಬ್ಬ ಇಟ್ಟು, ನಂಬಿಕೆಯ ಬಗ್ಗೆ ಏನು ಅನುಮಾನ ಇದ್ದರೂ ಹೆಸರು ಬರೆಯದೆ ಚೀಟಿ ಹಾಕಿ ಅಂದೆ. ತೆಗೆದು ನೋಡಿದರೆ ಹೆಚ್ಚು ಕಡಿಮೆ ಎಲ್ಲ ಚೀಟಿಯಲ್ಲೂ ಒಂದೇ ಅನುಮಾನ: ಅಕ್ಕ, ನಿಮ್ಮ ಮದುವೆ ಯಾವಾಗ?

ಅಂದು ಸಿಟ್ಟಿನಿಂದ ಉರಿಯುತ್ತಾ ಬಸ್‌ಸ್ಟ್ಯಾಂಡಿಗೆ ಬಂದೆ. ಹುಡುಗರೂ ಹಿಂದೆಯೇ ಬಂದರು. ಬಂದ ಅಕ್ಕನನ್ನು ಬಸ್ಸು ಹತ್ತಿಸದೆ ಹೋಗಬಾರದು ಎಂದು ಅವರವರ ಮನೆಯಲ್ಲಿ ಹೇಳಿಕೊಟ್ಟಿದ್ದರು. ನಾನು ಹತ್ತಬೇಕಾದ್ದು ಒಂದು ಪ್ರೈವೇಟ್ ಬಸ್ಸು. ಐದೂವರೆಗೆ ಹೊರಡಬೇಕಾದ್ದು ಆರೂವರೆಗೆ ಮುಖ ತೋರಿಸಿದರೆ ಪುಣ್ಯ. ಆ ಬಸ್ಸಿನ ಕಂಡಕ್ಟರು ಹಣೆ ತುಂಬ ವಿಭೂತಿ ಬಳಿದುಕೊಂಡ, ಯಾವುದಕ್ಕೂ ಬಿಸಿಯಾಗದ ಮನುಷ್ಯ. ಪ್ರತಿ ಶನಿವಾರ ಅವರಿಗೆ ನನ್ನಿಂದ ಮಂಗಳಾರತಿ ತಪ್ಪುತ್ತಿರಲಿಲ್ಲ.

"ಏನ್ರೀ, ಟೈಮು ಅನ್ನೋದು ಇದೆಯೋ ಇಲ್ವೋ ನಿಮ್ಮ ಬಸ್ಸಿಗೆ?"

"ಅದೆ ಕಣಮ್ಮಾ. ನಾವು ಬಂದಾಗ್ಲೇ ಟೈಮು" ಅನ್ನುತ್ತಿದ್ದರು, ಹಲ್ಲು ಬಿಟ್ಟು.

ಹೀಗೆ ಪ್ರತಿ ವಾರ ಒಂದೊಂದು ಗಂಟೆ, ನಾವು ಅಲ್ಲಿನ ಕಲ್ಲುಬೆಂಚಿನ ಮೇಲೆ ಸಾಲಾಗಿ ಕೂತು, ಹುರಿದ ಕಡ್ಲೆಕಾಯಿ ಬಿಡಿಸುತ್ತಾ, ಬಸ್ಸು ಬರುವ ದಿಕ್ಕಿಗೇ ನೋಡುತ್ತಾ ಕಾಯುತ್ತಿದ್ದೆವು. ಚರ್ಚಿನೊಳಗೆ ಕೇಳಿದರೆ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದ ಮಕ್ಕಳು ಅಲ್ಲಿ ತಾವಾಗಿಯೇ ಮಾತಾಡತೊಡಗಿದರು. ಒಬ್ಬ ತನ್ನ ಅಪ್ಪ ಕುಡಿದು ಬಂದ ದಿನ ತಾನು ಎಲ್ಲಿ ಮಲಗುತ್ತೇನೆ ಎಂದು ಹೇಳಿದ. ಇನ್ನೊಬ್ಬಳು, ಕಾಯಿಲೆ ಬಿದ್ದ ಮೇಕೆಗಾಗಿ ವಾರವೆಲ್ಲ ಪ್ರಾರ್ಥನೆ ಮಾಡಿದರೂ ಅದು ಸತ್ತೇ ಹೋಯಿತೆಂದೂ, ಅಂದಿನಿಂದ ತಾನು ಪ್ರಾರ್ಥನೆಯಲ್ಲಿ ಬರೀ ಕಣ್ಣು ಮುಚ್ಚಿಕೊಳ್ಳುತ್ತೇನೆಂದೂ ಹೇಳಿದಳು. ನನ್ನ ಮೂರು ಭಾಗದ ಪ್ರಸಂಗದಲ್ಲಿ ಮೇಕೆಗೆ ಉತ್ತರ ಇರಲಿಲ್ಲ. "ನನಗೂ ಗೊತ್ತಿಲ್ಲ ಕಣೇ" ಅಂದೆ. ಅವಳು ಇನ್ನೊಂದು ಹಿಡಿ ಕಡ್ಲೆಕಾಯಿ ತೆಗೆದುಕೊಂಡು ನನಗೆ ಇನ್ನೂ ಹತ್ತಿರ ಸರಿದು ಕೂತಳು. ಮುಖಕ್ಕೆ ಮುಖ ಕೊಟ್ಟು ಕೇಳಿದರೆ ಬಾರದ ಮಾತು, ಎಲ್ಲರೂ ಒಂದೇ ಕಡೆ ನೋಡುತ್ತಾ ಬಸ್ಸು ಕಾಯುವಾಗ ಸಲೀಸಾಗಿ ಬರುತ್ತಿತ್ತು. ಪ್ರಸಂಗಕ್ಕಾಗಿ ನಿದ್ದೆಗೆಡುವುದನ್ನು ಮೆಲ್ಲಗೆ ಬಿಟ್ಟೆ.

ಆ ಗುಂಪಿನಲ್ಲಿ ಇಬ್ಬರ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು. ಒಬ್ಬ ಢೋಲಕ್ ಬಾರಿಸುವ ಹುಡುಗ. ಬಾಯಿ ಜಾಸ್ತಿ. ಆಗತಾನೆ ಗಂಟಲು ಒಡೆಯುತ್ತಿದ್ದ ವಯಸ್ಸು, ಒಂದು ಸಾಲಿನಲ್ಲಿ ಗಂಡಸು, ಮುಂದಿನ ಸಾಲಿನಲ್ಲಿ ಹುಂಜ. ಇನ್ನೊಬ್ಬಳು ಹಾಡು ಎತ್ತುವ ಹುಡುಗಿ. ಇಬ್ಬರದೂ ಹತ್ತನೇ ಕ್ಲಾಸು. ನರಸೀಪುರದ ಚರ್ಚಿನ ಹಾರ್ಮೋನಿಯಮ್ಮನ್ನು ಇಲಿ ಕಡಿದು ವರ್ಷಗಳಾಗಿದ್ದವು. ಯಾರಾದರೊಬ್ಬರು ಸರಿಯಾದ ಸ್ವರದಲ್ಲಿ ಹಾಡು ಎತ್ತಿಕೊಡಬೇಕು, ಉಳಿದವರು ಹಿಡಿದುಕೊಳ್ಳಬೇಕು. ಅವಳು ಎತ್ತಿದರೆ ಮುದುಕಿಯರಿಗೂ ನಿಲುಕುತ್ತಿತ್ತು, ಮಕ್ಕಳಿಗೂ ನಿಲುಕುತ್ತಿತ್ತು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ, ಇತ್ತೀಚೆಗೆ ಯಾಕೆ ಇಷ್ಟು ಕೆಳಗೆ ಎತ್ತುತ್ತೀಯ ಎಂದು ಕೇಳಿದೆ. ಢೋಲಕ್ ಹುಡುಗ ಕಡ್ಲೆಕಾಯಿ ತರಲು ಹೋಗಿದ್ದನೆಂದು ನೋಡಿಕೊಂಡು, "ಮೇಲಕ್ಕೆತ್ತುದ್ರೆ ಅವ್ನ ಗಂಟಲು ಒಡೀತದೆ ಅಕ್ಕ. ಎಲ್ರೂ ನಗ್ತಾರೆ. ಆಮೇಲೆ ಅವನು ಬರಲ್ಲ" ಅಂದಳು.

ನೋಡಿ, ಹದಿನೈದು ವರ್ಷದ ಹುಡುಗಿ! ನನಗೆ ಅವಳನ್ನು ಅಲ್ಲೇ ತಬ್ಬಿಕೊಳ್ಳಬೇಕು ಅನ್ನಿಸಿತ್ತು.

ಅವಳ ಅಪ್ಪ ಕರೆಂಟಿನ ಲೈನ್‌ಮ್ಯಾನ್. ಹದಿನಾರು ಎಂಬ ಊರಿನ ಕಡೆಯ ಹಳ್ಳಿಯೊಂದರಿಂದ ಬಂದು, ಕಂಬ ಹತ್ತಿ ಇಳಿದು ಸಂಸಾರ ನಿಲ್ಲಿಸಿಕೊಂಡ ಮನುಷ್ಯ. ಚರ್ಚಿನಲ್ಲಿ ಮೊದಲ ಬೆಂಚು ಅವರದು, ಎಲ್ಲರಿಗಿಂತ ಗಟ್ಟಿಯಾದ ಆಮೆನ್ ಅವರದು. ತಾನು ಓದಲಿಲ್ಲ, ಮಗಳಾದರೂ ಓದಲಿ ಎಂಬ ಆಸೆ. ಆಸೆ ಇಟ್ಟುಕೊಳ್ಳಲಿ ಪಾಪ, ಅದನ್ನು ಎಲ್ಲರ ಮುಂದೆ ಸಾರುವ ಚಟವೂ ಇತ್ತು. ಪರೀಕ್ಷೆಯ ಮುಂಚೆಯೇ ಒಂದು ಭಾನುವಾರ ಎದ್ದು ನಿಂತು, ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾಗುವುದಕ್ಕಾಗಿ ಈಗಲೇ ಸ್ತೋತ್ರ ಸಲ್ಲಿಸುತ್ತೇನೆ ಅಂದರು. ಹುಡುಗಿ ತಲೆ ಬಗ್ಗಿಸಿ ಮುದುಕಿಯರ ಸೀರೆಗಳ ನಡುವೆ ಕರಗಿ ಹೋದಳು.

ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲಿನ ಭಾನುವಾರ ಒಂದು ಪದ್ಧತಿ. ಪಾಸಾದ ಮಕ್ಕಳನ್ನು ಮುಂದಕ್ಕೆ ಕರೆದು, ಒಂದೊಂದು ಪೆನ್ನು ಕೊಟ್ಟು, ತಲೆಯ ಮೇಲೆ ಕೈಯಿಟ್ಟು ಅಯ್ಯನೋರು ಪ್ರಾರ್ಥನೆ ಮಾಡುತ್ತಾರೆ. ಮನೆಯವರು ಸ್ವೀಟು ಹಂಚುತ್ತಾರೆ. ಒಳ್ಳೆಯದೇ. ಫೇಲಾದ ಮಕ್ಕಳಿಗೆ ಏನು ಮಾಡಬೇಕು ಎಂಬುದಕ್ಕೆ ಪದ್ಧತಿ ಇರಲಿಲ್ಲ. ಅವು ಆ ಭಾನುವಾರ ಬರುತ್ತಿರಲಿಲ್ಲ. ಮುಂದಿನ ಭಾನುವಾರ ಬರಲು ಇನ್ನೂ ಕಷ್ಟ. ಹಾಗೇ ತಪ್ಪಿಸಿಕೊಂಡು ತಾಂಡ್ಯದ ಫ್ಯಾಕ್ಟರಿಯಲ್ಲೋ ಯಾರದೋ ಅಂಗಡಿಯಲ್ಲೋ ಸೇರಿ, ರಸ್ತೆಯಲ್ಲಿ ನಮ್ಮನ್ನು ಕಂಡರೆ ಸೈಕಲ್ಲು ತಿರುಗಿಸಿಕೊಂಡು ಹೋಗುತ್ತಿದ್ದವು. ಯುವಕರು ಯಾಕೆ ಚರ್ಚಿಗೆ ಬರುವುದಿಲ್ಲ ಎಂದು ದೊಡ್ಡವರು ವರ್ಷಕ್ಕೊಮ್ಮೆ ಮೀಟಿಂಗು ಮಾಡುತ್ತಿದ್ದರು. ಟೀವಿಯನ್ನು ಬೈದು, ಬಿಸ್ಕತ್ತು ತಿಂದು ಏಳುತ್ತಿದ್ದರು.

ಆ ವರ್ಷ ಢೋಲಕ್ ಹುಡುಗ ಹೇಗೋ ಗಣಿತದಲ್ಲಿ ಪಾಸಾದ. ಹಾಡು ಎತ್ತುವ ಹುಡುಗಿ ಗಣಿತದಲ್ಲಿ ಹೋದಳು.

ಭಾನುವಾರ ಅವಳು ಬರಲಿಲ್ಲ, ಅವಳ ಅಪ್ಪನೂ ಬರಲಿಲ್ಲ. ಮೊದಲ ಬೆಂಚು ಖಾಲಿ. ಶನಿವಾರದ ಕೂಟಕ್ಕೂ ಅವಳಿಲ್ಲ. ನಾನೇ ಹಾಡು ಎತ್ತಲು ಹೋಗಿ, ಎರಡನೇ ಸಾಲಿಗೆ ಎಲ್ಲರೂ ಬಾವಿಗಿಳಿದಂತೆ ಕೆಳಕ್ಕೆ ಹೋಗಿ, ಸ್ವರವೇ ಸಿಗದೆ ನಿಲ್ಲಿಸಿದೆವು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಢೋಲಕ್ ಹುಡುಗ ಸುದ್ದಿ ಹೇಳಿದ.

"ಅವಳುನ್ನ ಕೊಳ್ಳೇಗಾಲಕ್ಕೆ ಕಳಿಸಿಬುಡ್ತಾರಂತೆ ಅಕ್ಕ. ಅವರ ಚಿಕ್ಕವ್ವನ ಮಗೂನ ನೋಡ್ಕೊಳಕ್ಕೆ. ಇನ್ನು ಓದೂ ಇಲ್ವಂತೆ, ಏನೂ ಇಲ್ವಂತೆ."

"ಯಾರು ಹೇಳಿದ್ದು ನಿನಗೆ?"

"ಅವ್ರಪ್ಪನೇ ನಮ್ಮಪ್ಪನ ಹತ್ರ ಅಂದ್ರಂತೆ. ಈ ಊರಲ್ಲಿ ತಲೆ ಎತ್ಕೊಂಡು ತಿರುಗಂಗಿಲ್ಲ ಅಂತ."

ಒಂದು ಮಗು ಗಣಿತದಲ್ಲಿ ಹೋದರೆ ಊರು ಬಿಡಬೇಕಾ? ಮುಂದಿನ ವಾರ ಕೂಟಕ್ಕೆ ಮುಂಚೆ ಅವಳ ಮನೆಗೆ ಹೋದೆ. ಲೈನ್‌ಮ್ಯಾನ್ ಬಾಗಿಲಲ್ಲೇ ನಿಂತು, "ಜ್ವರ ಕಣಮ್ಮ, ಮಲಗವಳೆ" ಅಂದರು. ಬಹಳ ಮರ್ಯಾದೆಯಿಂದಲೇ ಅಂದರು. ಹಿಂದೆ ಅವಳ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು, ಜ್ವರದವರು ತೊಳೆಯುವ ಹಾಗಿರಲಿಲ್ಲ. ನಾನೇನು ಮಾಡಲಿ, ವಾಪಸ್ಸು ಬಂದೆ. ಆ ಸಂಜೆ ಕಂಡಕ್ಟರಿಗೆ ಬಿದ್ದ ಬೈಗಳದಲ್ಲಿ ಅರ್ಧ ಲೈನ್‌ಮ್ಯಾನಿಗೆ ಸೇರಬೇಕಾದ್ದು.

ಉಪಾಯ ಹೊಳೆದದ್ದು ನನಗಲ್ಲ, ಬೆಂಚಿನ ಮೇಲಿದ್ದ ಮಕ್ಕಳಿಗೆ. ಕಡ್ಲೆಕಾಯಿ ಸಿಪ್ಪೆ ಉಫ್ ಎಂದು ಊದುತ್ತಾ ಮೇಕೆಯ ಹುಡುಗಿ, "ಅಕ್ಕ, ಮನೆಕೂಟ ಅಂದ್ರೆ ಯಾರೂ ಇಲ್ಲ ಅನ್ನಂಗಿಲ್ಲ ಅಲ್ವಾ?" ಅಂದಳು.

ನಿಜ. ನಮ್ಮ ಸಭೆಯಲ್ಲಿ ವಾರಕ್ಕೊಂದು ಮನೆಯಲ್ಲಿ ಪ್ರಾರ್ಥನೆ ಸೇರುವುದಿತ್ತು, ಅದೇ ಮನೆಕೂಟ. ಇಂಥವರ ಮನೆಯಲ್ಲಿ ಎಂದು ಭಾನುವಾರ ಅಯ್ಯನೋರ ಬಾಯಿಂದ ಪ್ರಕಟಣೆ ಆಯಿತೆಂದರೆ ಮುಗಿಯಿತು. ಮಳೆ ಬರಲಿ, ನೆಂಟರಿರಲಿ, ಗಂಡ ಹೆಂಡತಿ ಮಾತು ಬಿಟ್ಟಿರಲಿ, ಬಾಗಿಲು ತೆರೆಯಲೇಬೇಕು, ಟೀ ಕಾಸಲೇಬೇಕು. ಬೇಡ ಅಂದ ಮನೆಯನ್ನು ನಾನು ಕಂಡಿಲ್ಲ. ಬೇಡ ಅಂದರೆ ದೇವರನ್ನೇ ಬಾಗಿಲಲ್ಲಿ ನಿಲ್ಲಿಸಿದಂತೆ ಎಂಬ ಭಯ.

ನಾನು ಅಯ್ಯನೋರ ಹತ್ತಿರ ಹೋಗಿ, ಈ ಸಲ ಯೌವನಸ್ಥರ ಕೂಟವನ್ನೇ ಲೈನ್‌ಮ್ಯಾನ್ ಮನೆಯಲ್ಲಿ ಇಡೋಣ, ನಾವು ನಾವೇ, ಎಂಟು ಹತ್ತು ಹುಡುಗರು, ಗದ್ದಲ ಬೇಡ, ಅಂದೆ. ವಿಷಯವನ್ನೂ ಹೇಳಿದೆ. ಅವರು ತಲೆಯಾಡಿಸಿದರು. ಪುಣ್ಯಾತ್ಮರು ಒಪ್ಪಿದ್ದೇನೋ ಸರಿ. ಭಾನುವಾರ ಪ್ರಕಟಣೆ ಓದುವಾಗ ಮೂವತ್ತು ವರ್ಷದಿಂದ ನಾಲಿಗೆಗೆ ಅಂಟಿದ ಅಭ್ಯಾಸ ಎಲ್ಲಿ ಹೋಗಬೇಕು? "ಶನಿವಾರ ಮಧ್ಯಾಹ್ನ ನಮ್ಮ ಲೈನ್‌ಮ್ಯಾನ್ ಸಹೋದರರ ಮನೆಯಲ್ಲಿ ಯೌವನಸ್ಥರ ಕೂಟ. ಸಭೆಯವರೆಲ್ಲರೂ ಕುಟುಂಬ ಸಮೇತರಾಗಿ ಬರತಕ್ಕದ್ದು" ಎಂದು ಓದಿಬಿಟ್ಟರು. ಓದಿದ ಮೇಲೆ ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡರು. ಕಚ್ಚಿಕೊಂಡು ಏನು ಬಂತು?

ಶನಿವಾರ ಆ ಓಣಿಯಲ್ಲಿ ಚಪ್ಪಲಿ ಬಿಡಲು ಜಾಗವಿಲ್ಲ. ಸಭೆಗೆ ಸಭೆಯೇ ಬಂದಿತ್ತು. ಆರಾಧನೆಗೆ ಬಾರದವರೂ ಬಂದಿದ್ದರು, ಫೇಲಾದ ಹುಡುಗಿಯ ಮನೆ ಒಳಗಿಂದ ಹೇಗಿದೆ ಎಂದು ನೋಡುವ ಭಾಗ್ಯ ಯಾರು ಬಿಡುತ್ತಾರೆ? ಲೈನ್‌ಮ್ಯಾನ್ ಪಕ್ಕದ ಮನೆಯಿಂದ ಚಾಪೆ ತಂದು ಹಾಸುತ್ತಾ ಬೆವರುತ್ತಿದ್ದರು. ಹುಡುಗಿ ಅಡುಗೆಮನೆಯಲ್ಲಿ. ಬಾಗಿಲಿಗೆ ಒಂದು ಹಳೆಯ ಸೀರೆಯ ಪರದೆ. ಗುಟ್ಟಾಗಿ ಅವಳ ಕಣ್ಣೊರೆಸಲು ಹೋಗಿ ಊರನ್ನೇ ಅವಳ ಮೈಮೇಲೆ ತಂದು ಕೆಡವಿದ್ದೆವು.

"ಮಗಳೆಲ್ಲವ್ವ? ಯಾವುದ್ರಲ್ಲಿ ಓಯ್ತು? ಎಷ್ಟ್ ಬಂದಿತ್ತು?" ಎನ್ನುತ್ತಾ ಒಬ್ಬ ಹಿರಿಯ ಹೆಂಗಸು ಸೀದಾ ಪರದೆಯ ಕಡೆಗೇ ಹೊರಟರು.

ಆಗ ನಮ್ಮ ಮಕ್ಕಳನ್ನು ನೋಡಬೇಕಿತ್ತು. ನಾನು ಯಾರಿಗೂ ಕಣ್ಸನ್ನೆ ಕೂಡ ಮಾಡಿರಲಿಲ್ಲ. ಢೋಲಕ್ ಹುಡುಗ ಢೋಲಕ್ಕಿನ ಸಮೇತ ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟು ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟ. ಅವನ ಪಕ್ಕಕ್ಕೆ ಒತ್ತಿಕೊಂಡು ಇನ್ನಿಬ್ಬರು. "ಅಜ್ಜಿ, ಇಲ್ಲಿ ಕೂರಿ, ಇಲ್ಲಿ ಗಾಳಿ ಬತ್ತದೆ" ಎಂದು ಮೇಕೆಯ ಹುಡುಗಿ ಆಕೆಯ ಕೈಹಿಡಿದು ಕಿಟಕಿಯ ಕೆಳಗೆ ಕೂರಿಸಿ ಬಂದಳು. ಒಳಗೆ ಹೋಗುವ ಲೋಟ, ಹೊರಗೆ ಬರುವ ತಟ್ಟೆ ಎಲ್ಲವೂ ಹುಡುಗರ ಕೈಯಿಂದ ಕೈಗೆ ದಾಟಿಯೇ ಹೋಗುತ್ತಿತ್ತು. ಒಂದು ಇರುವೆ ಕೂಡ ಅವರನ್ನು ದಾಟಿ ಒಳಗೆ ಹೋಗುವಂತಿರಲಿಲ್ಲ.

ಅಯ್ಯನೋರು ತಮ್ಮ ತಪ್ಪನ್ನು ಬೇಗ ಮುಗಿಸಿಬಿಡುವ ಆತುರದಲ್ಲಿ ತಾವೇ ಹಾಡು ಎತ್ತಿದರು. ಅವರ ಪ್ರಸಂಗಕ್ಕೆ ಹೆಸರಿತ್ತು, ಸ್ವರಕ್ಕೆ ಇರಲಿಲ್ಲ. ಎತ್ತಿದ್ದು ಎಲ್ಲಿಗೆ ಅಂತೀರಿ, ಲೈನ್‌ಮ್ಯಾನ್ ಹತ್ತುವ ಕಂಬದ ತುದಿಗೆ! ಮೊದಲ ಚರಣದಲ್ಲೇ ಮುದುಕಿಯರು ಬಾಯಿ ಮುಚ್ಚಿದರು. ಎರಡನೆಯದರಲ್ಲಿ ಗಂಡಸರು ಕೆಮ್ಮತೊಡಗಿದರು. ಪಲ್ಲವಿಯ ಎತ್ತರದ ಸಾಲಿಗೆ ಬರುವ ಹೊತ್ತಿಗೆ ಢೋಲಕ್ ಹುಡುಗನ ಗಂಟಲು ಅಷ್ಟು ಜನದ ಮುಂದೆ ಕೊಕ್ಕೊಕ್ಕೋ ಎಂದು ಒಡೆಯಿತು. ಯಾರೋ ಕಿಸಕ್ಕೆಂದರು. ಹುಡುಗನ ಕಿವಿ ಕೆಂಪಾಗಿ, ಕೈ ಢೋಲಕ್ಕಿನ ಮೇಲೆಯೇ ನಿಂತುಹೋಯಿತು. ಹಾಡೂ ನಿಂತಿತು. ಅಯ್ಯನೋರು ಕನ್ನಡಕ ತೆಗೆದು ಒರೆಸಿದರು.

ಆಗ ಪರದೆಯ ಹಿಂದಿನಿಂದ ಅದೇ ಪಲ್ಲವಿ ಬಂತು. ಕೆಳಗೆ, ಮೆತ್ತಗೆ, ಅವನ ಗಂಟಲಿಗೆ ನಿಲುಕುವಷ್ಟಕ್ಕೇ.

ಒಂದು ಸಾಲು ಅವಳೊಬ್ಬಳೇ ಹಾಡಿದಳು. ಎರಡನೇ ಸಾಲಿಗೆ ಢೋಲಕ್ ಸೇರಿತು. ಆಮೇಲೆ ಮುದುಕಿಯರು, ಗಂಡಸರು, ಮಕ್ಕಳು, ಎಲ್ಲರೂ. ನಾನು ಲೈನ್‌ಮ್ಯಾನ್ ಕಡೆ ನೋಡಿದೆ. ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದ ಮನುಷ್ಯ ಹಾಡಲಿಲ್ಲ. ತುಟಿ ಮಾತ್ರ ಬಿಗಿ ಹಿಡಿದುಕೊಂಡಿದ್ದರು. ನಾನೂ ಹಾಡಲಿಲ್ಲ, ಮೂಗು ಒರೆಸಿಕೊಳ್ಳುವುದರಲ್ಲೇ ಆಯಿತು.

ಅಯ್ಯನೋರು ಜಾಣರು. ಪ್ರಾರ್ಥನೆಯಲ್ಲಿ ಪರೀಕ್ಷೆಯ ಮಾತೇ ಎತ್ತಲಿಲ್ಲ. ಈ ಮನೆಯಲ್ಲಿ ಇಷ್ಟು ಒಳ್ಳೆಯ ಕಂಠ ಇಟ್ಟಿದ್ದಕ್ಕೆ ಸ್ತೋತ್ರ ಎಂದು ಹೇಳಿ ಆಮೆನ್ ಅಂದರು. ಟೀ ಆಯಿತು, ಜನ ಚಪ್ಪಲಿ ಹುಡುಕತೊಡಗಿದರು. ಲೈನ್‌ಮ್ಯಾನ್ ನನ್ನನ್ನು ಓಣಿಯ ತುದಿಗೆ ಕರೆದರು.

"ಕೂಟ ಎಷ್ಟೊತ್ಗಮ್ಮ ನಿಮ್ದು?"

"ಮೂರೂವರೆಗೆ."

"ಆಯ್ತು, ಕಳುಸ್ತೀನಿ. ಅಕ್ಟೋಬರ್‌ಗೆ ಇನ್ನೊಂದ್ಸಲ ಬರೀಲಿ. ಆಗ್ಲೂ ಫೇಲಾದ್ರೆ ಮಾತ್ರ ಕೊಳ್ಳೇಗಾಲನೇಯ. ಈಗ್ಲೇ ಏಳಿವ್ನಿ, ಆಮೇಲೆ ನೀವು ಬಂದು ಬಾಗ್ಲಲ್ಲಿ ನಿಂತ್ಕಬೇಡಿ." ಎರಡು ಹೆಜ್ಜೆ ಹೋಗಿ ತಿರುಗಿ ಸೇರಿಸಿದರು: "ಇನ್ನೊಂದು. ನೀವೆಲ್ಲ ಬಸ್‌ಸ್ಟ್ಯಾಂಡಲ್ಲಿ ಗಂಟೆಗಟ್ಲೆ ಕೂತ್ಕತೀರಂತಲ್ಲ, ಅಲ್ಲಿಗೆ ಬ್ಯಾಡ. ಹೆಣ್ಮಗ, ನೋಡ್ದೋರು ಏನಂತಾರೆ?"

ನಿಜವಾದ ಕೂಟ ಇರುವುದೇ ಅಲ್ಲಿ, ಸ್ವಾಮಿ, ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡು, "ಆಯ್ತಣ್ಣ" ಅಂದೆ.

ಹೀಗೆ ಅವಳು ಕೂಟಕ್ಕೆ ಬಂದಳು, ಹಾಡು ಎತ್ತಿದಳು, ಕೂಟ ಮುಗಿದ ಕೂಡಲೇ ತಲೆ ತಗ್ಗಿಸಿ ಮನೆಗೆ ಹೋದಳು. ಉಳಿದವರೆಲ್ಲ ಬೆಂಚಿನ ಮೇಲೆ ಅವಳ ಜಾಗ ಬಿಟ್ಟೇ ಕೂರುತ್ತಿದ್ದರು. ಕೂಟಕ್ಕೆ ಮುಂಚೆ ಗಣಿತ ಹೇಳಿಕೊಡುವ ಕೆಲಸ ಮಕ್ಕಳೇ ವಹಿಸಿಕೊಂಡರು. ನನ್ನ ಗಣಿತ ಬೆರಳು ಮಡಚುವುದರ ಆಚೆ ಹೋಗುತ್ತಿರಲಿಲ್ಲ, ಢೋಲಕ್ ಹುಡುಗನದೂ ಅಷ್ಟಕ್ಕಷ್ಟೇ. ಆದರೂ ಅವನು ಮೇಷ್ಟ್ರ ಗತ್ತಿನಲ್ಲಿ ಸೀಮೆಸುಣ್ಣ ಹಿಡಿದು ನಿಲ್ಲುತ್ತಿದ್ದ. ಅವನ ಪಾಠ ಕೇಳಿ ಇದ್ದ ಗಣಿತವೂ ಹೋಗದಿದ್ದರೆ ಸಾಕು ಎಂದು ನಾನು ಪ್ರಾರ್ಥಿಸುತ್ತಿದ್ದೆ. ಅಕ್ಟೋಬರಿನಲ್ಲಿ ಅವಳು ಪರೀಕ್ಷೆ ಬರೆದಳು. "ಹೆಂಗಾಯ್ತೇ?" ಅಂದರೆ, "ಗೊತ್ತಿಲ್ಲ ಅಕ್ಕ. ಬರ್ದಿದೀನಿ" ಅಂದಳು.

ಫಲಿತಾಂಶ ಬರುವ ಹೊತ್ತಿಗೆ ಕ್ರಿಸ್‌ಮಸ್ ಹಾಡುಗಳ ಅಭ್ಯಾಸ ಶುರುವಾಗಿತ್ತು. ಆ ಶನಿವಾರ ನಾನು ಬಸ್ಸಿಳಿಯುವಾಗಲೇ ಢೋಲಕ್ ಹುಡುಗ ಕಾದು ನಿಂತಿದ್ದ. ಮುಖ ನೋಡಿದರೇ ಗೊತ್ತಾಯಿತು.

"ಹೋಯ್ತು ಅಕ್ಕ. ಸ್ಕೂಲ್ ಬೋರ್ಡಲ್ಲಿ ಹಾಕವ್ರೆ. ನಾನೇ ನೋಡ್ಕೊಂಡು ಬಂದೆ."

"ಅವಳಿಗೆ ಗೊತ್ತಾ?"

"ಅವಳೂ ಅಲ್ಲೇ ಇದ್ಲು. ನೋಡ್ದೋಳೇ ಓಗ್ಬುಟ್ಲು."

ಮೂರೂವರೆ ಆಯಿತು, ನಾಲ್ಕಾಯಿತು. ಅವಳು ಬರಲಿಲ್ಲ. ಅವಳ ಮನೆ ಕಡೆಗೆ ನನ್ನ ಕಾಲು ತಾನಾಗಿಯೇ ತಿರುಗುತ್ತಿತ್ತು, ಆದರೆ ಬಾಗಿಲಲ್ಲಿ ನಿಂತುಕೊಳ್ಳಬೇಡಿ ಎಂದಿದ್ದರಲ್ಲ. ಕ್ರಿಸ್‌ಮಸ್ ಹಾಡನ್ನು ಯಾರೂ ಎತ್ತಲಿಲ್ಲ. ಎತ್ತಿ ಅಂತ ನಾನೂ ಅನ್ನಲಿಲ್ಲ. ಬೇಗನೆ ಕೂಟ ಮುಗಿಸಿ ಬಸ್‌ಸ್ಟ್ಯಾಂಡಿಗೆ ನಡೆದೆವು.

ಅಲ್ಲಿ ಹೋಗಿ ನೋಡಿದರೆ, ನಂಬುತ್ತೀರೋ ಇಲ್ಲವೋ, ನನ್ನ ಬಸ್ಸು ನಿಂತಿತ್ತು! ಐದೂವರೆಗೆ ಇನ್ನೂ ಸ್ವಲ್ಪ ಹೊತ್ತಿದೆ, ಇಂಜಿನ್ನು ಗುರುಗುಟ್ಟುತ್ತಿದೆ, ಕಂಡಕ್ಟರು ಬಾಗಿಲಿಗೆ ಜೋತುಬಿದ್ದು "ನಂಜನಗೂಡು, ನಂಜನಗೂಡು" ಎಂದು ಕೂಗುತ್ತಿದ್ದಾರೆ. ನನ್ನನ್ನು ಕಂಡು ಯುದ್ಧ ಗೆದ್ದವರ ಹಾಗೆ ಎದೆಯುಬ್ಬಿಸಿದರು.

"ನೋಡಮ್ಮಾ! ಟೈಮು! ಅತ್ತಿ, ಅತ್ತಿ!"

ಅವತ್ತು ಬೈಯುವುದಕ್ಕೂ ನನಗೆ ಮನಸ್ಸಿರಲಿಲ್ಲ. ಮಕ್ಕಳಿಗೆ ಕೈಬೀಸಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಅಷ್ಟರಲ್ಲಿ ಢೋಲಕ್ ಹುಡುಗ "ಅಕ್ಕಾ" ಎಂದು ನನ್ನ ಸೆರಗನ್ನೇ ಎಳೆದ.

ರಸ್ತೆಯ ಆ ಕಡೆಯಿಂದ ಲೈನ್‌ಮ್ಯಾನ್ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದರು. ಪಕ್ಕದಲ್ಲಿ ಮಗಳು. ಕೊಳ್ಳೇಗಾಲದ ಬಸ್ಸೂ ಇದೇ ಸ್ಟ್ಯಾಂಡಿನಿಂದಲೇ ಹೊರಡುವುದು. ಬಟ್ಟೆಯ ಚೀಲ ಎಲ್ಲಿದೆ ಎಂದು ಕಣ್ಣು ಹುಡುಕಿತು. ಕ್ಯಾರಿಯರಿನ ಮೇಲೆ ನೋಡಿದೆ, ಹ್ಯಾಂಡಲ್ಲಿಗೆ ನೋಡಿದೆ, ಅವಳ ಕೈ ನೋಡಿದೆ. ಚೀಲ ಇರಲಿಲ್ಲ. ಕೈಯಲ್ಲಿ ಒಂದು ಕರ್ಚೀಫು ಅಷ್ಟೇ, ಒದ್ದೆಯಾಗಿ ಮುದ್ದೆಯಾಗಿತ್ತು.

ಲೈನ್‌ಮ್ಯಾನ್ ನನ್ನ ಮುಂದೆ ಬಂದು ನಿಂತರು. ನನ್ನನ್ನು ನೋಡಲಿಲ್ಲ, ಸೈಕಲ್ಲಿನ ಬೆಲ್ಲು ನೋಡಿಕೊಂಡೇ ಮಾತಾಡಿದರು.

"ಬೆಳಿಗ್ಗೆಯಿಂದ ಊಟ ಮಾಡಿಲ್ಲ ಕಣಮ್ಮ. ಒಂದೇ ಸಮ ಅಳ್ತಾ ಕೂತವಳೆ. ಅಳಬ್ಯಾಡ ಅಂತ ನಾನೂ ಏಳ್ದೆ, ಅವ್ಳವ್ವನೂ ಏಳುದ್ಲು, ಕೇಳ್ನಿಲ್ಲ. ಎಲ್ಲಿಗೋಗಬೇಕವ್ವ ನಿಂಗೆ ಅಂತ ಕೇಳ್ದೆ. ಬಸ್‌ಸ್ಟ್ಯಾಂಡಿಗೆ ಅಂದ್ಲು."

ಅಷ್ಟು ಹೇಳಿ ಸೈಕಲ್ಲನ್ನು ಕಂಬಕ್ಕೆ ಒರಗಿಸಿ, ಕಡ್ಲೆಕಾಯಿ ಗಾಡಿಯ ಕಡೆ ಹೊರಟುಹೋದರು. ಕೊಳ್ಳೇಗಾಲದ ಮಾತು ಅವತ್ತೂ ಎತ್ತಲಿಲ್ಲ, ಮುಂದೆಂದೂ ಎತ್ತಲಿಲ್ಲ.

ಹುಡುಗಿ ನನ್ನ ಮುಂದೆ ನಿಂತು, "ಇನ್ನೊಂದ್ಸಲ ಹೋಯ್ತು ಅಕ್ಕ" ಅಂದಳು.

"ಗೊತ್ತಾಯ್ತು ಕಣೇ."

"ಅದುನ್ನ ನಿಮಗೆ ನಾನೇ ಹೇಳ್ಬೇಕು ಅಂತಿತ್ತು."

ಹಿಂದಿನಿಂದ ಬಸ್ಸು ಎರಡು ಸಲ ಹಾರ್ನು ಹೊಡೆಯಿತು. ನಾನು ಮೆಟ್ಟಿಲಿಂದ ಕಾಲು ತೆಗೆದೆ. ಕಂಡಕ್ಟರಿಗೆ ನಿಜವಾಗಿಯೂ ಸಂಕಟವಾಯಿತು.

"ಇದೇನಮ್ಮ ಇದು! ವರ್ಷವೆಲ್ಲ ಲೇಟು ಲೇಟು ಅಂತ ಉಗುದ್ರಿ. ಇವತ್ತು ಟೈಮಿಗೆ ಸರಿಯಾಗಿ ಬಂದಿವ್ನಿ, ಅತ್ತಾಕಿಲ್ವಾ?"

"ಇನ್ನೊಂದು ಬಸ್ಸಿಗೆ ಬರ್ತೀನಿ. ನೀವು ಹೊರಡಿ."

"ಇನ್ನೊಂದು ಲೇಟಾಯ್ತದೆ ಕಣಮ್ಮ!"

"ಆಗಲಿ ಬಿಡಿ" ಅಂದೆ.

ಬಸ್ಸು ಹೋಯಿತು. ಅವಳು ಬೆಂಚಿನ ಮೇಲೆ, ಮಕ್ಕಳು ಅಷ್ಟು ದಿನ ಬಿಟ್ಟುಕೊಂಡು ಬಂದಿದ್ದ ಜಾಗದಲ್ಲಿ ಕೂತಳು. ಎಲ್ಲರೂ ರಸ್ತೆಯ ಕಡೆ ನೋಡುತ್ತಾ ಕೂತೆವು. ಅವಳಪ್ಪ ಬಂದು ದೊಡ್ಡ ಪೊಟ್ಟಣವೊಂದನ್ನು ಬೆಂಚಿನ ತುದಿಯಲ್ಲಿಟ್ಟು, ತಾವು ಆಚೆ ಕಂಬದ ಹತ್ತಿರವೇ ನಿಂತರು. ಅವಳು ಒಂದು ಕಡ್ಲೆಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಢೋಲಕ್ ಹುಡುಗನ ಕಡೆ ತಿರುಗಿ, "ನಿನ್ನ ಗಂಟಲು ಸರಿಯಾಯ್ತೇನೋ?" ಅಂದಳು.

"ಇನ್ನೂ ಇಲ್ಲ ಕಣೆ" ಅಂದ ಅವನು.

"ಸರಿ" ಎಂದು ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡು, ಅಷ್ಟು ಜನ ಓಡಾಡುವ ಬಸ್‌ಸ್ಟ್ಯಾಂಡಿನಲ್ಲಿ ಅವಳು ಕ್ರಿಸ್‌ಮಸ್ ಹಾಡು ಎತ್ತಿದಳು, ಕೆಳಗಿನ ಸ್ವರದಲ್ಲಿ.